ಬಾಗಿಲಮ್ಮ ಕೂಗುವ ಹೊತ್ತು

ಪ್ರತಿ ಸಂಜೆ ಫ್ರೀಜರಿನಿಂದ ಅಡುಗೆಗೆ ಬೇಕಾದ ಪೊಟ್ಟಣವನ್ನು ತೆಗೆದುಕೊಂಡ ಮೇಲೂ ಅತ್ತೆ ಅದರ ಮುಚ್ಚಳವನ್ನು ಕೂಡಲೇ ಹಾಕುತ್ತಿರಲಿಲ್ಲ. ಎರಡೂ ಅಂಗೈಗಳನ್ನು ಅಂಚಿಗೆ ಊರಿ, ಬಾವಿಯೊಳಗೆ ಬಿದ್ದದ್ದನ್ನು ಹುಡುಕುವವರ ಹಾಗೆ ಆ ಬಿಳಿಯ ಹಬೆಯೊಳಕ್ಕೆ ಬಗ್ಗಿ, ಎದುರಿಗೆ ಜನವಿರುವಂತೆಯೇ ಸ್ಪಷ್ಟವಾಗಿ ಕೇಳುತ್ತಿದ್ದರು: "ಒಳಗೆ ಯಾರಾದ್ರೂ ಇದೀರಾ? ಬಾಗಿಲು ಹಾಕ್ತಾ ಇದೀನಿ." ಆಮೇಲೆ ಹತ್ತರವರೆಗೆ ಎಣಿಸುತ್ತಿದ್ದರು, ದನಿಯಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು. ಹತ್ತಾದ ಮೇಲೆ ಪೊಟ್ಟಣಗಳನ್ನು ಅತ್ತಿತ್ತ ಸರಿಸಿ, ತಳದವರೆಗೂ ಕಣ್ಣಾಡಿಸಿ, ಯಾರೋ ಅಪ್ಪಣೆ ಕೊಟ್ಟರೆಂಬಂತೆ ಒಮ್ಮೆ ತಲೆಯಾಡಿಸಿ ಮುಚ್ಚಳ ಇಳಿಸುತ್ತಿದ್ದರು.

ಮದುವೆಯಾಗಿ ಬಂದ ಮೊದಲ ವಾರ ಸೊಸೆ ಇದನ್ನು ತಮಾಷೆಯೆಂದು ತಿಳಿದು ನಕ್ಕಿದ್ದಳು. ಅತ್ತೆ ನಗಲಿಲ್ಲ; ಎಣಿಕೆ ತಪ್ಪಿತೆಂದು ಮತ್ತೆ ಒಂದರಿಂದ ಶುರುಮಾಡಿದರು. ಗಂಡನನ್ನು ಕೇಳಿದರೆ ಅವನು ಪತ್ರಿಕೆಯಿಂದ ತಲೆಯೆತ್ತದೆ, "ಅದು ಅಮ್ಮನ ಡ್ಯೂಟಿ ಕಣೇ. ಒಳಗಿಂದ ಯಾರಾದ್ರೂ ಮಾತಾಡಿದ್ರೆ ಹೇಳು, ಬಾಡಿಗೆ ಕೇಳೋಣ" ಎಂದಿದ್ದ.

ಅತ್ತೆ ಮಾಂಸ ಹೆಪ್ಪುಗಟ್ಟಿಸುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಕಾರ್ಖಾನೆಯವರ ಬಾಯಲ್ಲಿ 'ಥಂಡಿ ರೂಮು' ಎನಿಸಿಕೊಂಡಿದ್ದ, ಮೈನಸ್ ಹದಿನೆಂಟು ಡಿಗ್ರಿಯ ದೊಡ್ಡ ಕೋಣೆಗೆ ಪಾಳಿ ಮುಗಿದಾಗ ಬಾಗಿಲು ಹಾಕುವುದು ಅವರ ಕೆಲಸವಾಗಿತ್ತು. ಹಾಗಾಗಿ ಅಲ್ಲಿ ಎಲ್ಲರಿಗೂ ಅವರು ಬಾಗಿಲಮ್ಮ. ನಿವೃತ್ತಿಯ ದಿನ ಬೇರೆಯವರಿಗೆ ಗಡಿಯಾರವೋ ಶಾಲೋ ಸಿಕ್ಕರೆ ಬಾಗಿಲಮ್ಮನಿಗೆ ಸಿಕ್ಕಿದ್ದು, ಮೇಲಿನಿಂದ ತೆರೆಯುವ, ಶವಪೆಟ್ಟಿಗೆಯಷ್ಟು ಉದ್ದದ ಈ ಹಳೆಯ ಫ್ರೀಜರು. ಅದರ ಮುಚ್ಚಳಕ್ಕೆ ಕಬ್ಬಿಣದ ಕೊಂಡಿಯಿತ್ತು. ಒಮ್ಮೆ ಟಕ್ಕೆಂದು ಬಿದ್ದರೆ ಹೊರಗಿನಿಂದ ಮಾತ್ರ ತೆಗೆಯಬಹುದು. ಅಡುಗೆಮನೆ ಇಕ್ಕಟ್ಟಿನದು. ಫ್ರೀಜರು ಒಲೆಯಿಂದ ಒಂದು ಕೈಯಳತೆಯಲ್ಲಿ ಕೂತು ಹಗಲೂ ಇರುಳೂ ಗುಂಯ್ಗುಡುತ್ತಿತ್ತು.

ಅತ್ತೆಯ ನಡಿಗೆಯೂ ಆ ಕೋಣೆಯದೇ ದಾನ. ಮಂಜುಗಟ್ಟಿದ ನೆಲದ ಮೇಲೆ ಪಾದ ಎತ್ತಿದವನು ಬಿದ್ದ ಎಂಬ ಪಾಠವನ್ನು ಮೈಯೇ ಕಲಿತುಬಿಟ್ಟು, ಅವರು ನೆಲ ಒರೆಸಿಕೊಂಡು ಹೋಗುವಂತೆ ಸದ್ದಿಲ್ಲದೆ ಜಾರುತ್ತಿದ್ದರು. ಒಲೆಯ ಮುಂದಿನಿಂದ ತಿರುಗಿದರೆ ಬೆನ್ನ ಹಿಂದೆಯೇ ನಿಂತಿರುತ್ತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯುತ್ತಿರಲಿಲ್ಲ. ಮೈಮೇಲೆ ಸದಾ ಒಂದು ಬೂದುನೀಲಿ ದಪ್ಪ ಕೋಟು. ಅವರ ಅಳತೆಗಿಂತ ಎರಡು ಪಟ್ಟು ದೊಡ್ಡದು, ಒಂದು ಗುಂಡಿ ಬೇರೆ ಬಣ್ಣದ್ದು. ಎದೆಯ ಮೇಲೆ ಹೆಸರಿನ ಪಟ್ಟಿಯನ್ನು ಬಿಚ್ಚಿದ ಜಾಗದಲ್ಲಿ ನಾಲ್ಕು ಸಾಲು ದಾರದ ತುಣುಕುಗಳು ಇನ್ನೂ ನಿಂತಿದ್ದವು. ಆ ಕೋಟನ್ನು ಅವರು ಎಂದೂ ಮೊಳೆಗೆ ನೇತುಹಾಕಿದವರಲ್ಲ. ತಮ್ಮದಷ್ಟೇ ಅಲ್ಲ, ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗಳಲ್ಲಿ ಯಾರ ಅಂಗಿ, ಯಾರ ಜಾಕೆಟ್ಟು ಕಂಡರೂ ತೆಗೆದು ಮಡಚಿ ಕುರ್ಚಿಯ ಮೇಲಿಡುತ್ತಿದ್ದರು. "ಅತ್ತೆ, ಮೊಳೆ ಇರೋದೇ ಅದಕ್ಕಲ್ವಾ?" ಎಂದು ಸೊಸೆ ನೂರು ಸಲ ಕೇಳಿದ್ದಳು. "ಕುರ್ಚಿ ಮೇಲಿದೆ, ಕೇಳಿಸ್ತಾ?" ಎಂಬುದಷ್ಟೇ ಉತ್ತರ.

ಈ 'ಕೇಳಿಸ್ತಾ' ಎಂಬುದು ಅವರ ಪ್ರತಿಯೊಂದು ಮಾತಿನ ಬಾಲ. ಹಾಲು ತಂದಿದೀನಿ, ಕೇಳಿಸ್ತಾ. ಮಳೆ ಬರೋ ಹಾಗಿದೆ, ಕೇಳಿಸ್ತಾ. ಹೂಂ ಎನ್ನುವವರೆಗೂ ಬಿಡುತ್ತಿರಲಿಲ್ಲ. "ಕೇಳಿಸ್ತಮ್ಮ, ಮೂರನೇ ಮಹಡಿಯೋರಿಗೂ ಕೇಳಿಸ್ತು" ಎಂದು ಮಗ ರೇಗಿಸಿದರೆ, "ಅವರು ಹೂಂ ಅಂದ್ರಾ?" ಎಂದು ಗಂಭೀರವಾಗಿಯೇ ವಿಚಾರಿಸುತ್ತಿದ್ದರು.

ಬುಧವಾರ ಮಾತ್ರ ಅಡುಗೆ ಪೂರ್ತಿ ಅವರದೇ, ಮತ್ತು ಅದು ಬದಲಾಗುತ್ತಿರಲಿಲ್ಲ: ಪೊಟ್ಟಣದ ಮೀಟ್‌ಬಾಲು, ಅವರ ಭಾಷೆಯಲ್ಲಿ 'ಉಂಡೆ', ಗ್ರೇವಿಯಲ್ಲಿ. ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಮೈದಾ ಉದುರಿಸಿ ಕಂದುಬಣ್ಣ ಬರುವವರೆಗೂ ಕೈಬಿಡದೆ ತಿರುವಿ, ಬಿಸಿನೀರು, ರುಚಿಗೆ ಅಂಗಡಿಯ ಸ್ಟಾಕ್ ಕ್ಯೂಬಿನ ತುಂಡು, ಒಂದು ಲೋಟ ಹಾಲು, ಮೆಣಸಿನಪುಡಿ. ಅದು ಕುದಿಗೆ ಬಂದಾಗ ಉಂಡೆಗಳು ಹೆಪ್ಪುಗಟ್ಟಿದ್ದಂತೆಯೇ ಬಾಣಲೆಗೆ ಬೀಳಬೇಕು, ಕಲ್ಲಿನಂತೆ ಟಣಟಣ ಸದ್ದುಮಾಡುತ್ತ. "ಕರಗಲಿ ಅಂತ ಕಾಯ್ಬೇಡ. ಬಿಸಿಗೆ ಹಾಕು, ತಾವೇ ದಾರಿಗೆ ಬರ್ತವೆ, ಕೇಳಿಸ್ತಾ?" ಇಪ್ಪತ್ತು ನಿಮಿಷದಲ್ಲಿ ಊಟ. ದೊಡ್ಡವರಿಗೆ ನಾಲ್ಕು ನಾಲ್ಕು, ಮಗುವಿಗೆ ಎರಡು. ಅದಲ್ಲದೆ ಒಂದು, ಒಂದೇ ಒಂದು, ಚಿಕ್ಕ ಬಟ್ಟಲಲ್ಲಿ ಫ್ರೀಜರಿನ ಮುಚ್ಚಳದ ಮೇಲೆ. ಬೆಳಿಗ್ಗೆ ಬಟ್ಟಲು ತೊಳೆದು ಬೋರಲಾಗಿರುತ್ತಿತ್ತು. ಒಮ್ಮೆ ಬೇಗ ಎದ್ದ ಸೊಸೆ ನೋಡಿದಳು: ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಮೇಣದಂತೆ ಬಿಳಿಗಟ್ಟಿದ ಗ್ರೇವಿಯೊಳಗಿನ ಆ ತಣ್ಣನೆಯ ಉಂಡೆಯನ್ನು ಅತ್ತೆ ನಿಂತೇ ತಿನ್ನುತ್ತಿದ್ದರು, ಯಾರದೋ ಬದಲಿಗೆ ತಿನ್ನುವವರ ಹಾಗೆ, ಹಸಿವೂ ರುಚಿಯೂ ಇಲ್ಲದೆ.

ಸೊಸೆಯದೋ ಮೊದಲೇ ಪುಕ್ಕಲು ಜೀವ. ದ್ರಾಕ್ಷಿಯನ್ನು ನಾಲ್ಕು ಸೀಳಿ ಮಾಡದೆ ಮಗುವಿಗೆ ಕೊಟ್ಟವಳಲ್ಲ. ಕಿಟಕಿಯ ಚಿಲಕವನ್ನು ಮೂರು ಸಲ ಮುಟ್ಟಿನೋಡದೆ ಮಲಗಿದವಳಲ್ಲ. ನಾಲ್ಕು ವರ್ಷದ ಮಗಳು ಹೊರಗೆ ಓಡಿಹೋಗಿಲ್ಲವೆಂಬ ಧೈರ್ಯಕ್ಕೆ ಅವಳು ನೋಡುತ್ತಿದ್ದುದು ಮೊಳೆಯನ್ನು: ಕೆಂಪು ಜಾಕೆಟ್ಟು ಅಲ್ಲಿದ್ದರೆ ಮಗು ಮನೆಯಲ್ಲಿದೆ. ಅತ್ತೆ ಅದನ್ನು ತೆಗೆದಿಟ್ಟಾಗಲೆಲ್ಲ ಅವಳು ಕೋಣೆಗೆ ಓಡಿ ಮಗುವನ್ನು ನೋಡಿಬರುತ್ತಿದ್ದಳು. ಈಗ ರಜೆ ಮುಗಿಯುತ್ತ ಬಂದಿತ್ತು. ಬರುವ ವಾರವೊಂದು ಕಳೆದರೆ ಸೋಮವಾರದಿಂದ ಅವಳು ಮತ್ತೆ ಕೆಲಸಕ್ಕೆ ಹೋಗಬೇಕು. ಶಿಶುವಿಹಾರ ಬಿಟ್ಟಲ್ಲಿಂದ ಸಂಜೆ ಏಳರವರೆಗೆ ಮಗು ಅತ್ತೆಯ ಕೈಯಲ್ಲಿ. ತಣ್ಣನೆಯ ಪೆಟ್ಟಿಗೆಯೊಂದಿಗೆ ಮಾತಾಡುವ ಹೆಂಗಸಿನ ಕೈಯಲ್ಲಿ ಮಗುವನ್ನು ಬಿಟ್ಟುಹೋಗುವುದೇ? ದಿನಕ್ಕೆ ಹತ್ತು ಸಲ ಅವಳು ಹೂಂ ಎನ್ನುತ್ತಿದ್ದಳು, ಹನ್ನೊಂದು ಸಲ ಊಹೂಂ.

ಕೆಲಸಕ್ಕೆ ಇನ್ನೂ ಎಂಟು ದಿನವಿರುವಾಗ, ಭಾನುವಾರ, ಅದಕ್ಕೊಂದು ತೀರ್ಮಾನ ಬಂದಂತಾಯಿತು. ಅತ್ತೆ ಎಂದಿನಂತೆ ಬಗ್ಗಿ ಕೂಗಿದರು. ನಾಲ್ಕು ಎಣಿಸಿರಬೇಕು, ಎಲ್ಲಿಂದಲೋ ಎಳೆಯ ದನಿಯೊಂದು ಬಂತು: "ಇದೀನಿ."

ಮೇಜಿನ ಕೆಳಗೆ ಗೊಂಬೆ ಹಿಡಿದು ಕೂತಿದ್ದ ಮಗು ಆಟಕ್ಕೆ ಹೇಳಿದ್ದು ಅದು. ಆದರೆ ಅತ್ತೆಯ ಮುಖ ಸುಣ್ಣವಾಯಿತು. ಕೈಯಲ್ಲಿದ್ದ ಪೊಟ್ಟಣ ಬಿದ್ದು ಉಂಡೆಗಳು ನೆಲದ ತುಂಬ ಉರುಳಿದವು. ಅವರು ಫ್ರೀಜರಿನೊಳಕ್ಕೆ ಎದೆಯವರೆಗೂ ಇಳಿದು ಎರಡೂ ಕೈಗಳಿಂದ ತಡಕಾಡುತ್ತ, "ಎಲ್ಲಿದೀಯೇ, ಎಲ್ಲಿದೀಯೇ" ಎಂದು ಅಪರಿಚಿತವಾದ, ಹರೆಯದ ದನಿಯಲ್ಲಿ ಕೇಳತೊಡಗಿದರು. ಸೊಸೆ ಮೇಜಿನ ಕೆಳಗಿನಿಂದ ಮಗುವನ್ನು ಎಳೆದು ಎತ್ತಿಕೊಂಡಳು.

ಆ ಸಂಜೆಯೇ ಅವಳು ಧೈರ್ಯ ಮಾಡಿ ಹೇಳಿದಳು. "ಅತ್ತೆ, ತಪ್ಪು ತಿಳ್ಕೋಬೇಡಿ. ಇನ್ಮೇಲೆ ಅದನ್ನ ಕೂಗಬೇಡಿ. ಮಗು ಹೆದರ್ಕೊಳ್ಳುತ್ತೆ."

ಅತ್ತೆ ಕೋಟಿನ ಆ ಬೇರೆ ಬಣ್ಣದ ಗುಂಡಿಯನ್ನು ತಿರುವಿದರು. "ಆಯ್ತಮ್ಮ. ಕೂಗಲ್ಲ. ಆದ್ರೆ ಮುಚ್ಚೋ ಮುಂಚೆ ನೀನಾದ್ರೂ ಬಗ್ಗಿ ನೋಡು, ಕೇಳಿಸ್ತಾ?"

ಸೊಸೆ ಹೂಂ ಎನ್ನಲಿಲ್ಲ. ಮಗುವನ್ನು ಮಲಗಿಸುವಾಗ ಅದಕ್ಕೂ ಬುದ್ಧಿ ಹೇಳಿದಳು: "ಅಜ್ಜಿ ಫ್ರೀಜರ್ ಹತ್ರ ಕೂಗಿದ್ರೆ ಉತ್ತರ ಕೊಡಬಾರ್ದು ಪುಟ್ಟಿ. ಬಾಯಿ ಮುಚ್ಕೊಂಡು ಸುಮ್ನಿರ್ಬೇಕು. ಜಾಣೆ ಅಲ್ವಾ?"

ಸೋಮವಾರ, ಮಂಗಳವಾರ ಅತ್ತೆ ಮಾತು ಉಳಿಸಿಕೊಂಡರು. ಕೂಗಿದ್ದಕ್ಕಿಂತ ಅದು ಹೆಚ್ಚು ಭಯಾನಕವಾಗಿತ್ತು. ಮುಚ್ಚಳ ಎತ್ತಿ ಹಿಡಿದು ನಿಲ್ಲುವರು, ಗಂಟಲ ನರಗಳು ಉಬ್ಬಿ ಇಳಿಯುವವು, ದನಿ ಬರದು.

ಬುಧವಾರ ಫ್ರೀಜರಿನ ಮಂಜು ಕರಗಿಸುವ ದಿನ. ಬೆಳಿಗ್ಗೆಯೇ ಸ್ವಿಚ್ ಆರಿಸಿ, ಪೊಟ್ಟಣಗಳನ್ನೆಲ್ಲ ಕೆಳಮನೆಯ ಟೈಲರಮ್ಮನ ಫ್ರಿಜ್ಜಿನಲ್ಲಿಟ್ಟು, ಒಳಗನ್ನು ಒರೆಸಿ, ಒಣಗಲೆಂದು ಮುಚ್ಚಳ ತೆರೆದಿಟ್ಟಿದ್ದರು. ಸಂಜೆ ಅತ್ತೆ ಅವನ್ನು ತರಲು ಇಳಿದುಹೋದರು. ಮಗು ಕೋಣೆಯಲ್ಲಿ ಆಡುತ್ತಿತ್ತು. ಅಡುಗೆಗೆಂದು ಹಜಾರದ ಫ್ರಿಜ್ಜಿನ ಐಸ್ ಖಾನೆಯಲ್ಲಿ ಉಳಿಸಿಕೊಂಡಿದ್ದ ಒಂದು ಪೊಟ್ಟಣವನ್ನು ಪಕ್ಕಕ್ಕಿಟ್ಟುಕೊಂಡು ಸೊಸೆಯೇ ಒಲೆ ಹಚ್ಚಿದಳು: ಇಷ್ಟು ಸುಲಭದ ಅಡುಗೆ, ಅದಕ್ಕೇನು ಬುಧವಾರದ ಅತ್ತೆಯೇ ಬೇಕೇ? ಬೆಣ್ಣೆ ಕರಗಿತು, ಈರುಳ್ಳಿ ಬಾಡಿತು, ನಡುವೆ ಹಾಲು ತರಲು ಹಜಾರದ ಫ್ರಿಜ್ಜಿನವರೆಗೆ ಹೋಗಿಬಂದಳು, ಮೈದಾ ಹಾಕಿ ತಿರುವತೊಡಗಿದಳು. ಆಗ ಅವಳ ಕಣ್ಣಂಚಿಗೆ ಆ ತೆರೆದ ಮುಚ್ಚಳ ಬಿತ್ತು. ಮಗು ಓಡಿಬಂದು ಅಂಚು ಹಿಡಿದುಕೊಂಡರೆ? ಅದು ದಡಾರನೆ ಬಿದ್ದು ಆ ಮೆತ್ತನೆಯ ಬೆರಳುಗಳು? ಬಲಗೈ ನಿಲ್ಲಿಸಿದರೆ ಮೈದಾ ಸೀಯುತ್ತದೆ; ಕಣ್ಣು ಬಾಣಲೆಯಲ್ಲೇ ಇಟ್ಟು, ಎಡಗೈ ಚಾಚಿ ಮುಚ್ಚಳ ಎಳೆದಳು. ಟಕ್. ಕೊಂಡಿ ಬಿತ್ತು. ಸದ್ಯ, ಒಂದು ಅಪಾಯ ಕಳೆಯಿತು.

ನೀರು ಸುರಿದಳು, ಹಾಲು ಸುರಿದಳು, ಉಂಡೆಗಳು ಟಣಟಣ ಬಿದ್ದವು. ಮೊಳೆಯಲ್ಲಿ ಕೆಂಪು ಜಾಕೆಟ್ಟು ತೂಗುತ್ತಿತ್ತು. ಮನಸ್ಸು ನಿರಾಳ. ಫ್ರೀಜರಿನ ಗುಂಯ್‌ಗುಡುವಿಕೆ ನಿಂತಿದ್ದ ಮನೆಯಲ್ಲಿ ಎಂದೂ ಇಲ್ಲದ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಯಾವುದೋ ಒಂದು ಸಣ್ಣ ಸದ್ದು, ಉಗುರಿನಿಂದ ಗೀರಿದಂತೆ, ಒಮ್ಮೆ ಕೇಳಿ ನಿಂತಿತು. ಗ್ರೇವಿಯ ಗುಳ್ಳೆ ಇರಬೇಕು ಎಂದುಕೊಂಡಳು.

ಏಳೆಂಟು ನಿಮಿಷವಾಗಿರಬಹುದು. ಪೊಟ್ಟಣಗಳ ಚೀಲದೊಂದಿಗೆ ಅತ್ತೆ ಬೆನ್ನ ಹಿಂದೆ ನಿಂತಿದ್ದರು. ಅಭ್ಯಾಸದಂತೆ ಜಾಕೆಟ್ಟನ್ನು ಮೊಳೆಯಿಂದ ತೆಗೆದ ಕೈ ಅರ್ಧದಲ್ಲೇ ನಿಂತಿತು.

"ಮಗು ಎಲ್ಲಿ?"

"ಕೋಣೇಲಿ. ಜಾಕೆಟ್ ಇಲ್ಲೇ ಇತ್ತಲ್ಲ."

"ಮುಚ್ಚಳ ಯಾರು ಹಾಕಿದ್ದು?"

"ನಾನೇ."

"ನೋಡಿದ್ಯಾ?"

ಸೊಸೆ ಸೌಟು ಹಿಡಿದೇ ಫ್ರೀಜರಿನತ್ತ ತಿರುಗಿದಳು. ಅತ್ತೆ ಚೀಲವನ್ನು ಕೈಬಿಟ್ಟು, ಮುಚ್ಚಳಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಕೂಗಿದರು: "ಒಳಗೆ ಯಾರಾದ್ರೂ ಇದೀರಾ?"

"ಅತ್ತೆ, ಮಾತು ಕೊಟ್ಟಿದ್ರಿ ನೀವು!"

ಉತ್ತರವಿಲ್ಲ. ಒಂದು, ಎರಡು, ಮೂರು. ಉಂಡೆಗಳು ಕುದಿಯುತ್ತಿದ್ದವು. ನೋಡಿ, ಯಾರೂ ಇಲ್ಲ ಎಂದು ಸೊಸೆ ಹೇಳಬೇಕೆನ್ನುವಷ್ಟರಲ್ಲಿ, ಇಷ್ಟು ವರ್ಷಗಳ ಕೂಗಿನಲ್ಲಿ ಮೊದಲ ಬಾರಿಗೆ, ಉತ್ತರ ಬಾರದೆಯೂ ಹತ್ತರವರೆಗೆ ಕಾಯದೆ, ಮುದುಕಿ ಕೊಂಡಿ ಬಿಡಿಸಿ ಮುಚ್ಚಳ ಎತ್ತಿದರು.

ಮಗು ಒಳಗೆ ಮಂಡಿ ಮಡಚಿ ಕೂತಿತ್ತು. ಕೂದಲು ಬೆವರಿಗೆ ಹಣೆಗಂಟಿತ್ತು. ಕಣ್ಣುಗಳು ಅಗಲವಾಗಿ ತೆರೆದಿದ್ದವು. ಎರಡೂ ಅಂಗೈಗಳಿಂದ ಬಾಯನ್ನು ಬಿಗಿಯಾಗಿ ಮುಚ್ಚಿಕೊಂಡಿತ್ತು. ಅಮ್ಮನನ್ನು ಕಂಡದ್ದೇ ಕೈ ತೆಗೆದು ಹೇಳಿತು:

"ಅಜ್ಜಿ ಕೂಗಿದ್ರೂ ನಾನು ಉತ್ತರ ಕೊಡ್ಲೇ ಇಲ್ಲ ಅಮ್ಮ."

ಆ ದನಿಯಲ್ಲಿದ್ದದ್ದು ಹೆಮ್ಮೆ.

ಗ್ರೇವಿ ತಳ ಹಿಡಿಯಿತು. ಅಂದು ಊಟಕ್ಕೆ ಕೂತಾಗ ಸೊಸೆಯ ಮಡಿಲಿನಿಂದ ಮಗು ಇಳಿಯಲಿಲ್ಲ. ಇಳಿಯಲು ಅವಳು ಬಿಡಲಿಲ್ಲ. ಸೀದ ವಾಸನೆಯ ಬಗ್ಗೆ ಎರಡು ತಮಾಷೆ ಮಾಡಲು ಬಾಯಿ ತೆರೆದ ಗಂಡ, ಇಬ್ಬರ ಮುಖವನ್ನೂ ನೋಡಿ ತುತ್ತು ಬಾಯಿಗಿಟ್ಟ. ಆಗ ಅತ್ತೆ ತಟ್ಟೆಯನ್ನು ನೋಡುತ್ತಲೇ ಹೇಳಿದರು.

"ನನ್ನ ಪಕ್ಕದಲ್ಲಿ ಪೊಟ್ಟಣ ಕಟ್ಟೋಳು ಒಬ್ಬಳಿದ್ಲು. ಕಿವಿ ಮಂದ. ಕೋಟು ಮೊಳೇಲಿದ್ರೆ ಆಳು ಹೊರಗಿದೆ ಅಂತ ನಮ್ಮಲ್ಲಿ ರೂಲು. ಒಂದು ಬುಧವಾರ ಒಂದೇ ನಿಮಿಷದ ಕೆಲಸ ಅಂತ ಕೋಟು ಹಾಕ್ಕೊಳ್ದೆ ಒಳಗೆ ಹೋಗಿದಾಳೆ. ನಾನು ಕೂಗ್ದೆ. ಉತ್ತರ ಬರ್ಲಿಲ್ಲ. ಕೋಟು ಮೊಳೇಲೇ ಇತ್ತು. ಬಾಗಿಲು ಹಾಕ್ದೆ." ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಬೆಳಿಗ್ಗೆ ತೆಗೆದೋಳೂ ನಾನೇ" ಎಂದರು. ತೋಳಿನ ಬೂದುನೀಲಿ ಬಟ್ಟೆಯನ್ನು ಇನ್ನೊಂದು ಕೈಯಿಂದ ನಿಧಾನವಾಗಿ ಸವರಿದರು. "ಅವಳು ನನಗಿಂತ ದಪ್ಪ. ಕೇಳಿಸ್ತಾ?"

"ಕೇಳಿಸ್ತು ಅತ್ತೆ" ಎಂದಳು ಸೊಸೆ.

ಎದ್ದು, ಚಿಕ್ಕ ಬಟ್ಟಲಿಗೆ ಒಂದು ಉಂಡೆ, ಸೀಯದ ಮೇಲಿನ ಗ್ರೇವಿ ಒಂದು ಸೌಟು ಬಡಿಸಿ, ತಾನೇ ಒಯ್ದು ಮುಚ್ಚಳದ ಮೇಲಿಟ್ಟಳು. ಮರುದಿನ ಗಂಡನ ಕೈಯಲ್ಲಿ ಕೊಂಡಿ ಕೀಳಿಸಿದಳು, ಗೋಡೆಯ ಮೊಳೆಗಳನ್ನೂ. ಸೋಮವಾರ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಕೆಲಸಕ್ಕೆ ಹೋದಳು. ಮೆಟ್ಟಿಲಿಳಿಯುವಾಗ, ಮದುವೆಯಾದ ಮೇಲೆ ಮೊದಲ ಬಾರಿಗೆ, ಅರ್ಧ ದಾರಿಯಿಂದ ಹಿಂದಿರುಗಿ ಬರಬೇಕೆನ್ನಿಸಲಿಲ್ಲ.

ಇಂಥವರು ಒಂದೊಂದು ಮನೆಯಲ್ಲೂ ಇರುತ್ತಾರೆ: ಹಾಸಿಗೆಯ ಕೆಳಗೆ ಇಣುಕುವವರು, ಖಾಲಿ ಬಸ್ಸಿನ ಕೊನೆಯ ಸೀಟಿನವರೆಗೂ ನಡೆದುಹೋಗಿ ಬರುವವರು, ಬೀಗ ಹಾಕಿದ ಮೇಲೂ ಬಾಗಿಲಿಗೆ ಕಿವಿಗೊಟ್ಟು ನಿಲ್ಲುವವರು. ಅವರಿಗೆ ಅರಳುಮರಳೆಂದು ನಾವು ನಗುತ್ತೇವೆ, ಏಕೆಂದರೆ ಕರೆದರೆ ಓಗೊಡಬಲ್ಲವರ ನಡುವೆಯೇ ನಮ್ಮ ಬದುಕು ಕಳೆದಿರುತ್ತದೆ. ಒಮ್ಮೆ ಮೌನವನ್ನು ನಂಬಿ ಬಾಗಿಲು ಹಾಕಿದ ಕೈ, ಆಮೇಲೆ ಯಾವ ಮೌನವನ್ನೂ ಖಾಲಿಯೆಂದು ತಿಳಿಯದು, ಬಗ್ಗಿ ನೋಡುತ್ತದೆ. ಆ ಮನೆಯಲ್ಲಿ ಈಗ ಬುಧವಾರದ ಸಂಜೆ ಎರಡು ತಲೆಗಳು ಒಟ್ಟಿಗೆ ಬಗ್ಗುತ್ತವೆ. ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಎಣಿಸುತ್ತಾರೆ. ಆ ಹತ್ತು ಎಣಿಕೆಯ ಹೊತ್ತು ತಣ್ಣನೆಯ ಹಬೆ ಇಬ್ಬರ ಮುಖಕ್ಕೂ, ಹತ್ತಿರದಲ್ಲೇ ಯಾರೋ ಉಸಿರಾಡುತ್ತಿರುವಂತೆ, ಬಂದು ಬಡಿಯುತ್ತಲೇ ಇರುತ್ತದೆ.