ಜೌಗಿನ ಎದುರು ಸೊನ್ನೆ

ನಗರಸಭೆಯ ಮರಗಣತಿಗೆ ಒಂದು ನಿಯಮವಿತ್ತು. ಎದೆಯೆತ್ತರದಲ್ಲಿ ಟೇಪು ಸುತ್ತಿದಾಗ ಮೂವತ್ತು ಸೆಂಟಿಮೀಟರಾದರೂ ಇದ್ದರೆ ಅದು ಮರ, ಉಳಿದದ್ದು ಲೆಕ್ಕಕ್ಕಿಲ್ಲ. ಟೇಪು ಹಿಡಿದು ತಿರುಗುತ್ತಿದ್ದವಳು ನಾನು. ಬಸ್ ಡಿಪೋದ ಹಿಂದಿನ ಜೌಗಿನಲ್ಲಿ ಮೊಣಕಾಲುದ್ದ ನೀರು, ಆಳೆತ್ತರದ ಜೊಂಡು, ಕಾಲಿಟ್ಟಲ್ಲೆಲ್ಲ ಕಪ್ಪೆ. ಟೇಪು ಸುತ್ತುವಂಥದ್ದು ಒಂದೂ ಇರಲಿಲ್ಲ. ಫಾರಂನಲ್ಲಿ ಸೊನ್ನೆ ಬರೆದೆ. ಷರಾ ಕಾಲಂನಲ್ಲಿ ‘ಖಾಲಿ ಜಾಗ’ ಎಂದು ಗೀಚಿ, ಚಪ್ಪಲಿ ತೊಳೆದುಕೊಂಡು ಬಂದೆ.

ಎರಡು ವರ್ಷದ ಮೇಲೆ ಬಿಸಿಲಿಗೆ ರಸ್ತೆಯ ಡಾಂಬರು ಕರಗಿ ಚಪ್ಪಲಿಗೆ ಅಂಟತೊಡಗಿತು. ನಗರಸಭೆ ಹವಾಮಾನ ತುರ್ತು ಪರಿಸ್ಥಿತಿ ಸಾರಿತು. ಐದು ಸಾವಿರ ಸಸಿ ನೆಡಬೇಕೆಂದು ಠರಾವಾಯಿತು. ಸೊನ್ನೆ ಇರುವ ಜಾಗಗಳ ಪಟ್ಟಿ ತೆಗೆದರೆ ಮೊದಲ ಸಾಲಿನಲ್ಲೇ ಜೌಗು. ಮಣ್ಣು ತುಂಬಿ ನೆಡುವುದು ಎಂದಾಯಿತು.

ಜೌಗಿಗೆ ಬೆನ್ನು ಹಾಕಿ ನಿಂತ ಮನೆಗಳಲ್ಲಿ ಕೊನೆಯದು ನನ್ನ ಸೋದರಮಾವನದು. ಅವನು ಬಡಗಿ. ಅತ್ತೆ ಲಕ್ವ ಹೊಡೆದು ಮೂರು ವರ್ಷದಿಂದ ಮಂಚದ ಮೇಲಿದ್ದಳು. ಸುತ್ತಲಿನ ಏಳು ಬೀದಿಯ ಮಳೆನೀರು ಇಳಿಯುತ್ತಿದ್ದುದು ಆ ಜೌಗಿಗೇ. ಅದನ್ನು ಮುಚ್ಚಿದರೆ ನೀರು ಎಲ್ಲಿಗೆ ನುಗ್ಗುತ್ತದೆಂದು ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. ಮಾವ ಮಾತ್ರ ನೆರೆಯವರಿಗೆ ಧೈರ್ಯ ಹೇಳುತ್ತಿದ್ದ, ಅಕ್ಕನ ಮಗಳು ಆಫೀಸಿನಲ್ಲೇ ಇದ್ದಾಳೆ, ನೋಡಿಕೊಳ್ಳುತ್ತಾಳೆ ಅಂತ.

ನನ್ನ ಗಣತಿ ತಪ್ಪು, ಅದು ಖಾಲಿ ಜಾಗವಲ್ಲ ಎಂದು ಪತ್ರ ಬರೆದು ಇಂಜಿನಿಯರಿಗೆ ಕೊಟ್ಟೆ. ಅವರು ಪೂರ್ತಿ ಓದಿದರು. ಕೆಟ್ಟ ಮನುಷ್ಯರಲ್ಲ. ಅಲ್ಲಿ ನೀರುಕೋಳಿ ಮರಿ ಮಾಡುವುದನ್ನು ತಾವೂ ನೋಡಿದ್ದಾಗಿ ಹೇಳಿದರು. ಆಮೇಲೆ ಡ್ರಾಯರಿನಿಂದ ಕಾಯಂ ನೌಕರಿಯ ಪಟ್ಟಿ ತೆಗೆದು ಪತ್ರದ ಪಕ್ಕದಲ್ಲಿಟ್ಟರು. ನನ್ನ ಹೆಸರು ಮೂರನೆಯದು.

“ನೋಡಮ್ಮ, ಸುಳ್ಳು ಗಣತಿ ಕೊಟ್ಟೋರನ್ನ ಕಾಯಂ ಮಾಡಿ ಅಂತ ನಾನು ಬರೆಯೋಕಾಗಲ್ಲ. ಎರಡರಲ್ಲಿ ಯಾವುದು ಇಟ್ಕೊಳ್ಲಿ?”

ಆರು ವರ್ಷ ಗುತ್ತಿಗೆಯ ಮೇಲೆ ಬಿಸಿಲು ತಿಂದಿದ್ದೆ. ಪತ್ರ ವಾಪಸ್ ತೆಗೆದುಕೊಂಡೆ. ಅವರು ಟೀ ತರಿಸಿದರು. ಕುಡಿದೆ ಕೂಡ.

ಸೋಮವಾರ ಲಾರಿಗಳು ಬಂದವು. ಕೆಡವಿದ ಕಟ್ಟಡಗಳ ಇಟ್ಟಿಗೆ ಚೂರು, ಮೇಲೊಂದು ಗೇಣು ಕೆಂಪು ಮಣ್ಣು. ನೀರುಕೋಳಿಗಳು ಎರಡು ದಿನ ಆ ಗುಡ್ಡೆಗಳ ನಡುವೆ ಓಡಾಡಿ ಮೂರನೆಯ ದಿನ ಕಾಣಲಿಲ್ಲ. ಅಧ್ಯಕ್ಷರು ಮೊದಲ ಸಸಿ ನೆಟ್ಟು, ಬಂಜರಿಗೆ ಜೀವ ಬಂತೆಂದು ಭಾಷಣ ಮಾಡಿದರು. ಒಬ್ಬ ಮೇಸ್ತ್ರಿ ನನ್ನ ಕಿವಿಯಲ್ಲಿ, ಕಪ್ಪೆಗಳಿಗೂ ಒಂದು ನೋಟಿಸ್ ಕೊಡಬಹುದಿತ್ತು ಮೇಡಂ ಎಂದ.

ಸಂಜೆ ಮಾವನ ಮನೆಗೆ ಹೋದೆ. ಅವನು ಉಳಿ ಮಸೆಯುತ್ತಿದ್ದ.

“ಹೇಳಿ ನೋಡ್ಲಿಲ್ವೇನಮ್ಮಾ ನೀನು?”

“ಹೇಳ್ದೆ ಮಾವ. ಕೇಳ್ಲಿಲ್ಲ.”

“ಬಿಡು. ಆನೆ ಜೊತೆ ಇರುವೆ ಜಗಳಕ್ಕೆ ಹೋಗುತ್ತಾ? ಅಷ್ಟಾದ್ರೂ ಮಾಡ್ದೆಯಲ್ಲ.” ಆಮೇಲೆ, ನೀರು ಎಷ್ಟು ಬರಬಹುದು, ನಿಮ್ಮ ಆಫೀಸಿನಲ್ಲಿ ಏನಂತಾರೆ ಎಂದು ಕೇಳಿದ. ಎರಡಡಿ ಎಂದೆ. ಅವನು ಮಂಚಕ್ಕೆ ಎರಡೂವರೆ ಅಡಿಯ ಹೊಸ ಕಾಲು ಕೊಯ್ದ. ಹಲಗೆಯ ಇನ್ನೊಂದು ತುದಿ ನಾನೇ ಹಿಡಿದುಕೊಂಡೆ.

ಮೊದಲ ದೊಡ್ಡ ಮಳೆಗೆ ಮೂರಡಿ ಬಂತು. ಒದ್ದೆ ಹಾಸಿಗೆಯಲ್ಲಿ ಮಧ್ಯಾಹ್ನದವರೆಗೆ ಬಿದ್ದಿದ್ದ ಅತ್ತೆ ಎದೆಗೆ ಕಫ ಕಟ್ಟಿ ಐದನೆಯ ದಿನ ತೀರಿಕೊಂಡಳು. ಬಂದವರೆಲ್ಲರ ಮುಂದೆ ಮಾವ ನನ್ನ ತೋಳು ಹಿಡಿದು, ಇವಳೊಬ್ಬಳೇ ನಮಗಾಗಿ ಅವರ ಜೊತೆ ಗುದ್ದಾಡಿದವಳು ಎಂದು ಹೇಳಿದ. ನಾನು ತೋಳು ಬಿಡಿಸಿಕೊಳ್ಳಲಿಲ್ಲ.