ಊತ ಬಂದರೆ ಬನ್ನಿ

ಹಲ್ಲಿನ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಇಸ್ತ್ರಿಯವಳು ಮಗಳಿಗೆ ಉಪ್ಪುನೀರು ಮುಕ್ಕಳಿಸಲು ಕೊಟ್ಟು, ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆ ನುಂಗಿಸಿ, ಕೆನ್ನೆಯ ಊತವನ್ನು ಪೂರ್ತಿ ಇಳಿಸಿದಳು. ಊದಿದ ಮುಖ ನೋಡಿದರೆ ಡಾಕ್ಟರು ಬೈಯುತ್ತಾರೆ ಎಂಬ ಹೆದರಿಕೆ. ಅದೇ ತಪ್ಪಾಯಿತು.

ವೈದ್ಯೆ ಹುಡುಗಿಯ ಬಾಯಿಗೆ ದೀಪ ತಿರುಗಿಸಿದಳು. ಕೆಳಗಿನ ದವಡೆ ಹಲ್ಲು ಕಪ್ಪಗೆ ಟೊಳ್ಳಾಗಿತ್ತು.

"ಹಾಲುಹಲ್ಲಲ್ಲ ಇದು, ಹೋದ್ರೆ ಮತ್ತೆ ಬರಲ್ಲ. ಬೇರು ಕ್ಲೀನ್ ಮಾಡಿ ಉಳಿಸಬಹುದು."

"ಉಳಿಸಿ ಡಾಕ್ಟ್ರೇ. ಕಾರ್ಡಿದೆ."

ವೈದ್ಯೆ ಕೌಂಟರಿನವನ ಕಡೆ ನೋಡಿದಳು. ಅವನು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ಸರ್ಕಾರಿ ವಿಮೇಲಿ ಹಲ್ಲು ಉಳಿಸೋದು ಬರಲ್ಲಮ್ಮ, ಕೀಳೋದು ಮಾತ್ರ. ಅದಕ್ಕೂ ಊತನೋ ಜ್ವರನೋ ಇರ್ಬೇಕು. ಇವಳಿಗೆ ಎರಡೂ ಇಲ್ಲ."

"ನಿನ್ನೆ ಇತ್ತಣ್ಣಾ, ಇಷ್ಟು ದಪ್ಪ!"

"ವಿಮೆಯವರಿಗೆ ಊತದ ಫೋಟೋ ಕಳಿಸ್ಬೇಕು. ನಿನ್ನೇದಕ್ಕೆ ಇವತ್ತು ತೆಗೀಲಾ? ಊತ ಬಂದರೆ ಬನ್ನಿ."

"ಅಮ್ಮ, ಬೇಕಾದ್ರೆ ಗಾಳಿ ತುಂಬ್ಕೊತೀನಿ," ಎಂದು ಹುಡುಗಿ ಕೆನ್ನೆ ಉಬ್ಬಿಸಿದಳು. ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ನಕ್ಕರು. ಕೌಂಟರಿನವನೂ ನಕ್ಕ.

ಮನೆಗೆ ಬಂದು ಇಸ್ತ್ರಿಯವಳು ಉಳಿದ ಮಾತ್ರೆಗಳನ್ನು ಕೈಗೆಟುಕದ ಗೂಡಿನಲ್ಲಿಟ್ಟಳು. ಊದಿದರೆ ಕಾರ್ಡಿನಲ್ಲೇ ಕೀಳುತ್ತಾರೆ; ಹಲ್ಲು ಹೋದರೆ ಹೋಗಲಿ, ನೋವಾದರೂ ನಿಲ್ಲಲಿ. ಹುಡುಗಿ ತಣ್ಣನೆಯ ಗೋಡೆಗೆ ಕೆನ್ನೆ ಒತ್ತಿಕೊಂಡು ಅಳುತ್ತಿದ್ದಳು.

"ಅಮ್ಮ, ಮಾತ್ರೆ."

"ತಡ್ಕೋ ಪುಟ್ಟಿ. ಊದ್ಲಿ."

"ನಿನ್ನೆ ಕೊಟ್ಯಲ್ಲ?"

"ನಿನ್ನೆ ನಂಗೆ ಬುದ್ಧಿ ಇರ್ಲಿಲ್ಲ."

ಊತ ಬೇಗ ಬರಲೆಂದು ಬಟ್ಟೆಯ ಮಡಿಕೆಗೆ ಇಸ್ತ್ರಿಪೆಟ್ಟಿಗೆ ಒತ್ತಿ, ಆ ಬಿಸಿ ಬಟ್ಟೆಯನ್ನು ಕೆನ್ನೆಗೆ ಇಟ್ಟಳು. ಹುಡುಗಿ ಕಿರುಚಿದರೂ ತೆಗೆಯಲಿಲ್ಲ.

ಊತ ಬಂತು. ಕೆನ್ನೆಯಲ್ಲಿ ನಿಲ್ಲದೆ ಗದ್ದದ ಕೆಳಗೆ, ಅಲ್ಲಿಂದ ಕುತ್ತಿಗೆಗೆ ಇಳಿಯಿತು. ಬೆಳಗಾಗುವ ಹೊತ್ತಿಗೆ ಹುಡುಗಿಗೆ ಎಂಜಲು ನುಂಗಲಾಗುತ್ತಿರಲಿಲ್ಲ. ಅವಳನ್ನು ಹೆಗಲಿಗೆ ಹಾಕಿಕೊಂಡು ಇಸ್ತ್ರಿಯವಳು ಓಡಿದಳು. ಹಲ್ಲಿನ ವೈದ್ಯೆ ಬಾಯಿ ಕೂಡ ತೆಗೆಸದೆ ಆಂಬುಲೆನ್ಸ್ ಕರೆಸಿದಳು.

ದೊಡ್ಡಾಸ್ಪತ್ರೆಯಲ್ಲಿ ಹುಡುಗಿಯ ಗಂಟಲು ಕೊಯ್ದು, ಉಸಿರಾಡಲು ಕೊಳವೆ ಹಾಕಿದರು.

"ಕಾರ್ಡ್ ನಡೆಯುತ್ತಾಮ್ಮ?" ಇಸ್ತ್ರಿಯವಳು ನರ್ಸನ್ನು ಕೇಳಿದಳು.

"ಐಸಿಯು, ಆಪರೇಷನ್ನು, ಔಷಧಿ, ಎಲ್ಲಾ ನಡೆಯುತ್ತೆ. ಅದರ ಯೋಚ್ನೆ ಬಿಡಿ."

"ಉಳೀತಾಳಾ?"

"ಡಾಕ್ಟರು ಹೇಳ್ತಾರೆ. ಮನೇಲಿ ಮಾತ್ರೆ ಏನಾದ್ರೂ ಕೊಟ್ಟಿದ್ರಾ?"

"ಕೊಟ್ಟಿದ್ದೆ," ಎಂದಳು.

ನರ್ಸು ಅದನ್ನು ಚೀಟಿಯಲ್ಲಿ ಬರೆದುಕೊಂಡಳು.

"ಆಮೇಲೆ ನಿಲ್ಲಿಸಿಬಿಟ್ಟೆ."