ಅಕ್ಕ ಬರುವಷ್ಟರಲ್ಲಿ

ಪಾಲಮ್ಮ ಅಂಗಳದಲ್ಲೇ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದವಳು ನಡುಮನೆಯಲ್ಲಿ ನಿಂತುಬಿಟ್ಟಳು. ಕಾಲಡಿಯ ನೆಲ ತಣ್ಣಗಿತ್ತು. ಎಲ್ಲ ಕಡೆ ಬಿಳಿ ಟೈಲ್ಸು. ಗೋಡೆಗೆ ತಿಳಿ ಹಳದಿ ಬಣ್ಣ. ಅದರ ವಾಸನೆ ಇನ್ನೂ ಹೋಗಿರಲಿಲ್ಲ. ತಲೆ ಎತ್ತಿ ನೋಡಿದರೆ ಮಣ್ಣಿನ ಮಾಳಿಗೆಯ ತೊಲೆಗಳೇ ಕಾಣಲಿಲ್ಲ. ಅವುಗಳ ಕೆಳಗೆ ಬಿಳಿ ಹಲಗೆ ಹೊಡೆಸಿದ್ದರು.

"ಯಾವಾಗ ಮಾಡ್ಸಿದ್ಯೋ ಇದನ್ನೆಲ್ಲ?"

"ಶಿವರಾತ್ರಿ ಆದ್ಮೇಲೆ ಶುರು ಮಾಡ್ಸಿದ್ದು. ನಿನಗೆ ಗೊತ್ತಾಗ್ಬಾರ್ದು ಅಂತ್ಲೇ ಫೋನ್ನಾಗೂ ಹೇಳ್ಲಿಲ್ಲ. ಹೆಂಗೈತಕ್ಕ?" ಮಾರುತೇಶನ ಕಿವಿಯ ಹತ್ತಿರ ಕೂದಲು ನೆರೆತಿತ್ತು. ಆದರೂ ಅಕ್ಕನ ಮುಂದೆ ನಿಂತಾಗ ಶಾಲೆಯಿಂದ ಬಹುಮಾನ ತಂದ ಹುಡುಗನ ಹಾಗೆ ಕಾಣುತ್ತಿದ್ದ.

"ಚೆಂದಾಗೈತೆ," ಎಂದಳು ಪಾಲಮ್ಮ. ಸಿಕ್ಕಿಸಿಕೊಂಡಿದ್ದ ನೆರಿಗೆಯನ್ನು ಮೆಲ್ಲಗೆ ಬಿಡಿಸಿ ಕೆಳಗೆ ಬಿಟ್ಟಳು.

ಮೊಳಕಾಲ್ಮೂರಿನ ಕಡೆಗೆ ಮದುವೆಯಾಗಿ ಹೋದಾಗಿನಿಂದ ಅವಳು ಯುಗಾದಿಯ ಮುಂಚೆ ದೊಡ್ಡಉಳ್ಳಾರ್ತಿಗೆ ಬರುವುದನ್ನು ಒಂದು ವರ್ಷವೂ ತಪ್ಪಿಸಿರಲಿಲ್ಲ. ಅವ್ವ ತೀರಿಕೊಂಡಾಗ ಮಾರುತೇಶ ಇನ್ನೂ ಚಡ್ಡಿ ಹಾಕುವ ಹುಡುಗ. ಆ ವರ್ಷದಿಂದ ಹಬ್ಬದ ಮನೆಗೆಲಸ ಅವಳದೇ ಆಯಿತು. ಮಂಚ, ಪೆಟ್ಟಿಗೆ, ಕೌದಿ, ಕಂಬಳಿ ಎಲ್ಲ ಅಂಗಳಕ್ಕೆ ಬೀಳಬೇಕು. ಜೇಡರ ಬಲೆ ತೆಗೆದು, ನೀಲಿ ಬೆರೆಸಿದ ಸುಣ್ಣ ಹೊಡೆದು, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯಬೇಕು. ಮಳೆಗೆ ಸೋರದ ಹಾಗೆ ಮಾಳಿಗೆಯ ಮೇಲೆ ಚೌಳು ಮಣ್ಣು ಹರಡಿ ತುಳಿಯಬೇಕು. ಮಾರುತೇಶನನ್ನು ಮದುವೆಯಾಗಿ ಜ್ಯೋತಿಲಕ್ಷ್ಮಿ ಬಂದ ಮೇಲೂ ಆ ವಾರ ಮನೆ ಪಾಲಮ್ಮನ ಕೈಯಲ್ಲಿರುತ್ತಿತ್ತು. ಗಂಡ ಸತ್ತ ವರ್ಷವೂ ಬಂದಿದ್ದಳು. ಮಾತಿಲ್ಲದೆ ಇಡೀ ಮನೆಗೆ ಸುಣ್ಣ ಹೊಡೆದು, ಕೊನೆಯ ದಿನ ಹಿತ್ತಲಲ್ಲಿ ಕೈ ತೊಳೆಯುತ್ತ ಜ್ಯೋತಿಲಕ್ಷ್ಮಿಯ ಹೆಗಲ ಮೇಲೆ ತಲೆಯಿಟ್ಟು ಅತ್ತಿದ್ದಳು.

ಕಳೆದ ಸಲ ಏಣಿಯಿಂದ ಇಳಿಯುವಾಗ ಮಂಡಿ ಹಿಡಿದು ಕೂತುಬಿಟ್ಟಿದ್ದಳು. ಮಾರುತೇಶ ಆವತ್ತೇ ತೀರ್ಮಾನ ಮಾಡಿದ್ದ. ಈ ಮಣ್ಣಿನ ಕೆಲಸ ಇನ್ನು ಸಾಕು, ಅಕ್ಕ ಬಂದು ಆರಾಮಾಗಿ ಹೋಳಿಗೆ ತಿಂದು ಹೋಗಲಿ. ಜ್ಯೋತಿಲಕ್ಷ್ಮಿಗೂ ಮಾಳಿಗೆಯಿಂದ ಉದುರುವ ಮಣ್ಣು, ಚೇಳು ಸಾಕಾಗಿತ್ತು.

ಪಾಲಮ್ಮ ಚೀಲದಿಂದ ಒಂದು ಗಂಟು ತೆಗೆದಳು. "ಇಲ್ಲಿ ದನ ಮೇಯೋ ಕಾವಲಿಗೆ ಬೇಲಿ ಬಂದೈತಲ್ಲ, ಮಣ್ಣು ತರಕೆ ಬಿಡಾಕಿಲ್ಲ ಅಂತ ನಮ್ಮೂರಿಂದ್ಲೇ ತಂದೆ. ಒಳ್ಳೆ ಕೆಮ್ಮಣ್ಣು."

ಅಣ್ಣ ತಮ್ಮಂದಿರ ಮನೆಗೆ ಬಂದವರು ಹಣ್ಣು ತರುತ್ತಾರೆ, ಇವಳು ಮಣ್ಣು ಹೊತ್ತು ತಂದಿದ್ದಾಳೆ ಎಂದು ಜ್ಯೋತಿಲಕ್ಷ್ಮಿಗೆ ಒಳಗೊಳಗೇ ಅಯ್ಯೋ ಅನ್ನಿಸಿತು. "ಇರ್ಲಿ ಬಿಡ್ರಿ ಅಕ್ಕ, ದಾಸವಾಳದ ಬುಡಕ್ಕೆ ಹಾಕಿದ್ರಾತು," ಎಂದು ಗಂಟು ತೆಗೆದುಕೊಂಡು ಹಿತ್ತಲಿಗೆ ಹೋದಳು.

ಆ ಮಧ್ಯಾಹ್ನವೆಲ್ಲ ಪಾಲಮ್ಮ ಕೆಲಸ ಹುಡುಕಿದಳು. ಹಿತ್ತಾಳೆ ಪಾತ್ರೆಗಳು ಆಗಲೇ ಫಳಫಳ ಅನ್ನುತ್ತಿದ್ದವು. ಕೌದಿಗಳನ್ನು ಒಗೆಯುವ ಮಿಷನ್ನಿಗೆ ಹಾಕಿ ಮಡಿಸಿಟ್ಟಿದ್ದರು. ಕಸಬರಿಗೆ ಕೈಗೆ ತೆಗೆದುಕೊಂಡರೆ ಜ್ಯೋತಿಲಕ್ಷ್ಮಿ ನಗುತ್ತ ಕಸಿದುಕೊಂಡಳು.

"ಒಂದ್ ವರ್ಷನಾದ್ರೂ ಸುಮ್ನೆ ಕುಂತ್ಕಳ್ರಿ ಅಕ್ಕ. ಕೆಲಸ ಮಾಡಾಕೆ ಬರ್ತೀರಾ ನೀವು ತವರಿಗೆ?"

ಫ್ಯಾನಿನ ಕೆಳಗೆ ಕುರ್ಚಿ ಹಾಕಿದರು. ಪಾಲಮ್ಮ ಅದರ ತುದಿಯಲ್ಲಿ ಕೂತಳು. ಎದ್ದು ಹೋಗಬೇಕಾದವರು ಕೂರುವ ಹಾಗೆ.

"ಹಿಂದಿನ ಕೋಣೆಯಾಗೆ ಈಗ ಏನು ಇಟ್ಟೀರಿ?" ಎಂದು ಕೇಳಿದಳು, ಎಷ್ಟೋ ಹೊತ್ತಾದ ಮೇಲೆ.

"ಅದನ್ನ ತೇಜಶ್ರೀಗೆ ಓದ್ಕಳಾಕೆ ಕೊಟ್ಟೀವಿ. ಹಾಸ್ಟೆಲ್ಲಿನಿಂದ ಬಂದಾಗ ಮಗಳಿಗೂ ಒಂದು ಜಾಗ ಬೇಕಲ್ಲ," ಎಂದ ಮಾರುತೇಶ. "ನೀನು ಇಲ್ಲೇ ನಡುಮನೇಲಿ ಮಲಗು. ಗಾಳಿ ಚೆನ್ನಾಗಿ ಬರ್ತೈತೆ."

"ಹೂಂ," ಎಂದಳು. ಆಮೇಲೆ, "ಇಲ್ಲ ಕಣೋ, ನಾನು ಸಂಜೆ ಬಸ್ಸಿಗೆ ಹೋಗ್ತೀನಿ. ಅಲ್ಲೂ ಹಬ್ಬದ ಕೆಲಸ ಹಂಗೇ ಐತೆ."

"ಹಬ್ಬ ಮುಗಿಸ್ಕಂಡು ಹೋಗಕ್ಕ."

"ಇಲ್ಲೇನೈತೆ, ಎಲ್ಲ ನೀವೇ ಮಾಡಿ ಮುಗಿಸೀರಲ್ಲ."

ಮಗನ ಮನೆಯಲ್ಲಿ ಕೆಲಸವಿರಬೇಕು ಅಂದುಕೊಂಡು ಮಾರುತೇಶ ಬೈಕು ತೆಗೆದ. ಬೈಕಿನ ಮುಂದೆ ಒಂದು ಚೀಲ, ಅವಳ ಮಡಿಲಲ್ಲಿ ಇನ್ನೊಂದು. ಎರಡೂ ಭಾರವಾಗಿದ್ದವು. ನಿಲ್ದಾಣದಲ್ಲಿ ಬಸ್ಸು ಹತ್ತಿಸುವಾಗ "ಏನಕ್ಕ, ಮನೇನೇ ಹೊತ್ಕಂಡು ಬಂದೀಯಾ?" ಎಂದು ತಮಾಷೆ ಮಾಡಿದ. ಪಾಲಮ್ಮ ನಕ್ಕಳು. ಬಸ್ಸು ಹೊರಟಿತು.

ಹಬ್ಬದ ಮಾರನೆಯ ದಿನ ಪಾಲಮ್ಮನ ಮಗ ಬಾಲರಾಜು ಫೋನು ಮಾಡಿದ.

"ಮಾಮ, ಅವ್ವ ಫೋನ್ ಎತ್ತುತಿಲ್ಲ. ಸ್ವಲ್ಪ ಕೊಡು ಆಕಿಗೆ."

ಮಾರುತೇಶನಿಗೆ ಅರ್ಥವಾಗಲಿಲ್ಲ. "ಯಾರಿಗೆ? ಅಕ್ಕ ಬಂದ ದಿನಾನೇ ಹೊರಟ್ಲಲ್ಲೋ, ಊರಿಗೆ ಅಂತ."

ಆ ಕಡೆ ಕೇಳುತ್ತಿದ್ದ ಮಗ್ಗದ ಸದ್ದು ನಿಂತಿತು.

"ಇಲ್ಲಿಗೆ ಬಂದಿಲ್ಲ ಮಾಮ. ನನ್ನ ಹೆಂಡ್ತಿ ಅಪ್ಪ ಅವ್ವ ಇಲ್ಲಿಗೇ ಬಂದುಬಿಟ್ಟಾರೆ, ಅವರಿಗೂ ಯಾರೂ ಇಲ್ಲ. ಇರೋದು ಒಂದು ಕೋಣೆ, ಅದ್ರಾಗೆ ಮಗ್ಗ. ಅವ್ವನೇ ಅಂದ್ಲು, ನಾನು ತಮ್ಮನ ಮನೇಲಿ ಇರ್ತೀನಿ, ಅವನೇ ಕರ್ದಾನೆ ಅಂತ. ನೀನು ಕರ್ದಿಲ್ವಾ?"

ಒಲೆಯ ಮುಂದಿನಿಂದ ಎದ್ದು ಬಂದ ಜ್ಯೋತಿಲಕ್ಷ್ಮಿಗೆ ಮಾರುತೇಶ ಎಲ್ಲ ಹೇಳಿದ. "ಕಸಬರಿಗೆ ನಾನೇ ಕಸ್ಕಂಡೆ," ಎಂದಳು.

ಇಡೀ ದಿನ ಫೋನು ಮಾಡಿದರು. ಸಂಜೆ ಪಾಲಮ್ಮನೇ ಮಾಡಿದಳು. ದಾರಿಯಲ್ಲಿ ಸಿಗುವ ಚಳ್ಳಕೆರೆಯಲ್ಲೇ ಇಳಿದು ಉಳಿದಿದ್ದಳು. ಊರಿನಲ್ಲಿ ಅವಳ ಜೊತೆ ಆಡಿ ಬೆಳೆದ ಪಾತಮ್ಮ ಅಲ್ಲೊಂದು ಕಲ್ಯಾಣ ಮಂಟಪದಲ್ಲಿ ಕೆಲಸಕ್ಕಿದ್ದಳು. ಹಿಂದೆ ಇರಲು ಒಂದು ಕೋಣೆ ಕೊಟ್ಟಿದ್ದರು. "ನಂಗೇನೂ ಆಗಿಲ್ಲ ಕಣೋ, ಬಾಲರಾಜುಗೂ ಹೇಳು," ಎಂದು ಇಟ್ಟುಬಿಟ್ಟಳು.

ಬೆಳಿಗ್ಗೆ ಮಾರುತೇಶ ಹೋಳಿಗೆಯ ಡಬ್ಬಿ ಹಿಡಿದು ಚಳ್ಳಕೆರೆಗೆ ಹೋದ. ಮಂಟಪದ ಗೇಟಿನ ಹತ್ತಿರ ದೊಡ್ಡ ದೊಡ್ಡ ಪಾತ್ರೆಗಳನ್ನು ಉಜ್ಜುತ್ತಿದ್ದ ಪಾತಮ್ಮ ಅವನನ್ನು ಗುರುತು ಹಿಡಿದು ಒಳಗೆ ಕೈ ತೋರಿಸಿದಳು. ಮದುವೆಯ ಸೀಜನ್ನಿಗೆ ಮುಂಚೆ ಎಲ್ಲ ತೊಳೆಯುತ್ತಿದ್ದರು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಖಾಲಿ ಮಂಟಪದ ನಡುವೆ ಪಾಲಮ್ಮ ಮಂಡಿಯ ಕೆಳಗೆ ಗೋಣಿತಟ್ಟು ಹಾಕಿಕೊಂಡು ನೆಲ ತಿಕ್ಕುತ್ತಿದ್ದಳು.

"ಯಾಕಕ್ಕ ಹೇಳ್ಲಿಲ್ಲ?"

ಅವಳು ಬ್ರಷ್ ನಿಲ್ಲಿಸಿ, ಮೊಣಕೈಯಿಂದ ಹಣೆ ಒರೆಸಿಕೊಂಡಳು. "ಏನಂತ ಹೇಳ್ಲೋ? ಬಂದ ಕೂಡ್ಲೇ ಕೆಲಸಕ್ಕೆ ಬಿದ್ದಿದ್ರೆ, ಮಾಡ್ತಾ ಮಾಡ್ತಾ ಯಾವಾಗ್ಲೋ ಬಾಯಿಗೆ ಬಂದಿರೋದು. ಕುರ್ಚಿ ಮೇಲೆ ಕುಂತ್ಕಂಡು ಅಂಥ ಮಾತು ಹೆಂಗಾಡ್ತಾರೆ?"

"ನಿನ್ನ ಮಂಡಿ ನೋವು ನೋಡಕಾಗ್ದೆ ಮಾಡ್ಸಿದ್ದಕ್ಕ."

"ಗೊತ್ತು ಬಿಡು. ಮನೆ ಚೆಂದಾಗೈತೆ. ಸುಳ್ಳು ಹೇಳ್ಲಿಲ್ಲ ನಾನು."

"ಈಗ ನಡಿ. ಕೋಣೆ ಖಾಲಿ ಮಾಡ್ಸೀನಿ. ಜ್ಯೋತೀನೂ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ."

"ಅದು ಹುಡುಗಿ ಓದೋ ಕೋಣೆ. ತೆಗೀಬ್ಯಾಡ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಮದುವೆ ಸಾಲು ಶುರುವಾಗ್ತೈತೆ. ಕೆಲಸಕ್ಕೆ ಒಪ್ಕಂಡೀನಿ. ಪಾತಮ್ಮಗೂ ಒಂದು ಜತೆ."

ಅವನು ಡಬ್ಬಿ ಮುಂದೆ ಚಾಚಿದ. ಕೈ ಒದ್ದೆಯಿದ್ದ ಕಾರಣ ಅವಳು ಕಿಟಕಿಯ ಕಡೆ ಕಣ್ಣಲ್ಲೇ ತೋರಿಸಿದಳು. ಅವನು ಅಲ್ಲಿಟ್ಟ.

"ಮುಂದಿನ ಯುಗಾದಿಗೆ ಬರ್ತೀಯಲ್ಲಕ್ಕ?"

"ಕರೀರಿ, ಬರ್ತೀನಿ."

ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಕರೆದಿರಲಿಲ್ಲ. ಕರೆಯಬೇಕೆಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಅಷ್ಟರಲ್ಲಿ ಪಾಲಮ್ಮ ಗೋಡೆ ಹಿಡಿದು ಎದ್ದು, ತುಂಬಿದ ಬಕೆಟ್ಟು ಎತ್ತಿಕೊಂಡಿದ್ದಳು.

"ಸರಿ ಅತ್ಲಾಗೆ, ಕಾಲು ಒದ್ದೆ ಆಗ್ತೈತೆ."

ನೀರು ಮಂಟಪದ ಉದ್ದಕ್ಕೂ ಹರಡಿತು. ಅವನು ಹಿಂದೆ ಸರಿದ, ನೀರು ಬಂತು, ಮತ್ತೆ ಸರಿದ. ಹಾಗೇ ಬಾಗಿಲು ದಾಟಿ ಹೊರಗೆ ಬಂದ. ಒಳಗೆ ಪಾಲಮ್ಮ ಅವನಿಗೆ ಬೆನ್ನು ಮಾಡಿ ಬಗ್ಗಿ ನೀರು ತಳ್ಳುತ್ತಿದ್ದಳು. ಬೂದು ಬಣ್ಣದ ನೀರು ಹೊಸ್ತಿಲು ದಾಟಿ ಒಂದೊಂದೇ ಮೆಟ್ಟಿಲು ಇಳಿದು ಬಂತು. ಕೆಳಗಿನ ಮೆಟ್ಟಿಲ ಪಕ್ಕದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತ ಮಾರುತೇಶ ಅದು ಹರಿದು ಹೋಗಲೆಂದು ದಾರಿ ಬಿಟ್ಟ.